ಗುಡ್ಡ ಹತ್ತಿದ ಫೋನುಗಳು

ವಿನೋದನಷ್ಟು ನಾಚಿಕೆಗೆಟ್ಟ ಮನುಷ್ಯ ಸಿದ್ದಾಪುರ ತಾಲೂಕಿನಲ್ಲಿ ಇನ್ನೊಬ್ಬ ಇರಲಾರ ಎಂಬುದು ನಮಿತಾಳ ತೀರ್ಮಾನ. ಅವನ ಹಿಂದೆ ಅರ್ಧ ದಿನ ತಿರುಗಿದ ಮೇಲೂ ಅದನ್ನು ಬದಲಿಸಲು ಅವಳಿಗೆ ಕಾರಣ ಸಿಗಲಿಲ್ಲ.

ಕಾನಸೂರಿನ ಆಚೆಯ ಹಳ್ಳಿಗೆ ಮೊಬೈಲ್ ಟವರ್ ಬೇಕೆಂದು ಶಿರಸಿಯ ಸಮಿತಿಯೊಂದು ಹೋರಾಟ ಹೂಡಿತ್ತು. ಬೆಂಬಲಿಸುವವರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು. ನೆಟ್‌ವರ್ಕೇ ಇಲ್ಲದ ಊರಿನಿಂದ ಮಿಸ್ಡ್ ಕಾಲ್ ಹೇಗೆ ಬರುತ್ತದೆಂದು ಸಮಿತಿಯ ಬುದ್ಧಿವಂತರು ಯೋಚಿಸಿರಲಿಲ್ಲ. ಮನೆಮನೆ ತಿರುಗಿ ಪ್ರಚಾರ ಮಾಡಲು ಸಂಬಳಕ್ಕಿದ್ದ ವಿನೋದ ಯೋಚಿಸಿದ್ದ. ಊರಿನ ಫೋನುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಗುಡ್ಡ ಹತ್ತಿ, ಸಿಗ್ನಲ್ ಸಿಗುವ ಬಂಡೆಯ ಮೇಲೆ ಕೂತು ಎಲ್ಲರ ಪರವಾಗಿ ತಾನೇ ಒತ್ತುತ್ತಿದ್ದ. ಫೋನುಗಳು ನಿಜವಾದವೇ ಎಂದು ನೋಡಿ ಬರಲು ಸಮಿತಿಯ ಕಚೇರಿ ನಮಿತಾಳನ್ನು ಕಳಿಸಿತ್ತು. ಫೋನುಗಳು ನಿಜವಾದವೇ. ಸುಳ್ಳೆಲ್ಲ ವಿನೋದನ ಬಾಯಲ್ಲಿತ್ತು. ಅಂದು ಸಂಜೆ ಐದಕ್ಕೆ ಲೆಕ್ಕ ಮುಚ್ಚುತ್ತದೆ. ಅಷ್ಟರೊಳಗೆ ಈ ಊರಿನ ಕರೆಗಳು ಹೋಗದಿದ್ದರೆ ಅವನ ಕೆಲಸ ಹೋದಂತೆ.

ದೇವಕಿಯಮ್ಮನ ಅಂಗಳದಲ್ಲಿ ಅವನು ಹವ್ಯಕನಾದ.

"ಅತ್ತೆ, ಆನು ನಿಂಗ್ಳ ಮನೆ ಮಾಣಿ ಇದ್ದಾಂಗೆ. ಟವರ್ ಬಂದ್ರೆ ತೋಟಕ್ಕೆ ಮಂಗ ಬಂದದ್ದೂ ಫೋನಲ್ಲೇ ಗೊತ್ತಾಗ್ತು."

"ಮಂಗ ಬಾಗ್ಲಿಗೇ ಬಂದಾಂಗಿದ್ದು," ಎಂದಳು ದೇವಕಿಯಮ್ಮ. ಆದರೂ ಫೋನು ಕೊಟ್ಟಳು.

ಗಿರಿಜವ್ವನ ಕಿರಾಣಿ ಅಂಗಡಿಯ ಮುಂದೆ ನಾಲಗೆ ಮಗ್ಗುಲು ಬದಲಿಸಿತು. "ಯವ್ವಾ, ನಾನೂ ಬನವಾಸಿ ಕಡೆಯಾಂವನರಿ."

"ಹೋದ ಸಲ ಹಾವೇರಿ ಅಂದಿದ್ದೆಲ್ಲೋ?"

"ಅದು ನಮ್ಮವ್ವನ ತವರುಮನಿರಿ."

ಕೊನೆಯದು ಸುಬ್ಬಿಯ ಮನೆ. ಅವಳ ಮಗಳು ಮಮತಾ ಜಗಳವಾಡಿ ಯಲ್ಲಾಪುರಕ್ಕೆ ಹೋದವಳು, ಆಮೇಲೆ ಸುದ್ದಿಯೇ ಇಲ್ಲ.

"ಟವರ್ ಆಗ್ಲಿ ಸುಬ್ಬಕ್ಕಾ, ಮಗಳ ಮುಖ ನೋಡ್ತಾ ಮಾತಾಡ್ಲಕ್ಕು."

"ಸಿಟ್ಟು ಮಾಡ್ಕಂಡು ಹೋದವ್ಳು ಟವರ್ ನೋಡಿ ಮಾತಾಡ್ತಾಳನಾ? ನಿನ್ ಟವರ್ ನೀನೇ ಇಟ್ಕಾ."

"ಮೊನ್ನೆ ಯಲ್ಲಾಪುರ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ಲು. ಅಮ್ಮ ಹೆಂಗಿದಾಳೆ ಅಂತ ಕೇಳಿದ್ಲು."

ಸುಬ್ಬಿ ಒಳಗಿನಿಂದ ಫೋನು ತಂದು ಸೆರಗಿನಲ್ಲಿ ಒರೆಸಿ ಕೊಟ್ಟಳು.

ದಾರಿಯಲ್ಲಿ ನಮಿತಾ ಕೇಳಿದಳು: "ಅವಳು ನಿಜವಾಗಿ ಸಿಕ್ಕಿದ್ದಳಾ?"

"ಇಲ್ಲ ಮೇಡಂ. ಫೋನು ಸಿಕ್ಕಿತಲ್ಲ."

ಈ ಮಾತನ್ನು ಹಾಗೆಯೇ ಕಚೇರಿಗೆ ವರದಿ ಮಾಡಬೇಕೆಂದು ಅವಳು ನಿಶ್ಚಯಿಸಿಕೊಂಡಳು.

ಬಂಡೆ ಮುಟ್ಟಿದಾಗ ನಾಲ್ಕೂವರೆ. ಚೀಲದೊಳಗೆ ಫೋನುಗಳು ಒಂದೊಂದಾಗಿ ಎಚ್ಚರಗೊಂಡು ಗುಂಯ್‌ಗುಟ್ಟತೊಡಗಿದವು. ವಿನೋದ ಮೊದಲನೆಯದನ್ನು ಎತ್ತಿಕೊಳ್ಳುವಷ್ಟರಲ್ಲಿ ಸುಬ್ಬಿಯ ಫೋನು ರಿಂಗಾಯಿತು. ಪರದೆಯ ಮೇಲೆ ಮಮತಾಳ ಹೆಸರು.

"ತೆಗೆದು ಮಾತಾಡಿ," ಎಂದಳು ನಮಿತಾ. "ಅವಳ ಸೋದರಮಾವ ಅನ್ನಿ. ನಿಮಗೇನು ಕಷ್ಟ?"

ಅವನು ಫೋನನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಿದ್ದ. ರಿಂಗು ನಿಂತಿತು.

"ನಾ ಮಾತಾಡಿದ್ರೆ ಕೆಡ್ತದೆ ಮೇಡಂ. ತಾಯಿ ಬೇಕಂತ್ಲೇ ತೆಗೀಲಿಲ್ಲ ಅಂತ ತಿಳ್ಕಂಡ್ಬಿಡ್ತಾಳೆ." ಆ ಫೋನನ್ನು ಬಂಡೆಯ ಮೇಲೆ, ಸಿಗ್ನಲ್ ಇರುವಲ್ಲೇ ಇಟ್ಟ. ಚೀಲವನ್ನು ಅವಳ ಕಾಲ ಬಳಿ ಬಿಟ್ಟ.

"ಮೊದಲು ಇವನ್ನೆಲ್ಲ ಒತ್ತಿ ಹೋಗಿ. ಐದಾಗುತ್ತದೆ," ಎಂದಳು ನಮಿತಾ.

ಅವನು ಆಗಲೇ ಇಳಿಜಾರಿನಲ್ಲಿ ಓಡುತ್ತಿದ್ದ.

ನಮಿತಾ ಚೀಲ ಮುಟ್ಟಲಿಲ್ಲ. ಅದು ಅವಳ ಕೆಲಸವಲ್ಲ. ಅವನು ಸುಬ್ಬಿಯ ಕೈ ಹಿಡಿದು ಏರಿ ಬರುವಾಗ ಐದು ದಾಟಿ ಹೋಗಿತ್ತು. ಮುದುಕಿಗೆ ಏದುಸಿರು. ವಿನೋದ ಮಮತಾಳ ನಂಬರು ಒತ್ತಿ, ಅತ್ತ ರಿಂಗಾಗುವುದನ್ನು ಖಾತ್ರಿ ಮಾಡಿಕೊಂಡು ಫೋನನ್ನು ಸುಬ್ಬಿಯ ಕಿವಿಗೆ ಹಿಡಿಸಿದ. ಆಮೇಲೆ ಮಾತು ಕೇಳಿಸದಷ್ಟು ದೂರ ಇಳಿದು, ಬೆನ್ನು ತಿರುಗಿಸಿ ನಿಂತ.

ಸ್ವಲ್ಪ ಹೊತ್ತಿಗೆ ತಿರುಗಿ ನೋಡಿದ. ನಮಿತಾ ಇನ್ನೂ ಬಂಡೆಯ ಪಕ್ಕದಲ್ಲೇ, ಸುಬ್ಬಿಯ ಮಾತು ಕೇಳಿಸುವಷ್ಟು ಹತ್ತಿರ ಕೂತಿದ್ದಳು. ಇತ್ತ ಬನ್ನಿ ಎಂದು, ಬಾಯಿ ಬಿಡದೆ, ಕೈಬೀಸಿ ಕರೆದ.