ಗೋಲಿಯ ಅಣು, ಕೋಣೆಯ ಜ್ವರ

ಕಳೆದ ತಿಂಗಳು ಕುಮಟಾದಲ್ಲಿ ಮದುವೆಯೊಂದರ ಊಟ ಮುಗಿಸಿ ಹೊರಗೆ ಬಂದರೆ ಯಾರೋ ಕೈಗೆ ಗೋಲಿ ಸೋಡಾ ಕೊಟ್ಟರು. ಈಗ ಅದಕ್ಕೆ ಮತ್ತೆ ಕಾಲ ಬಂದಿದೆಯಂತೆ, ಮದುವೆ ಮನೆಯಲ್ಲಿ ಅದಕ್ಕೊಂದು ಅಲಂಕಾರದ ಗಾಡಿ ಬೇರೆ. ಬಾಟಲಿಯನ್ನು ಬಾಯಿಗೆ ತರುವಾಗ ಒದ್ದೆ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಲಿಂಬೆಯದ್ದಲ್ಲ, ಉಪ್ಪಿನದ್ದಲ್ಲ… ಬಾಟಲಿಯ ಕುತ್ತಿಗೆಯೊಳಗೆ ಕೂತಿರುವ ರಬ್ಬರ್ ಉಂಗುರದ್ದು. ನನಗೆ ಕುಡಿಯಲಾಗಲಿಲ್ಲ. "ಎಂತ ಆತೇ?" ಎಂದು ತಂಗಿ ಕೇಳಿದಳು. ಗ್ಯಾಸು ನೆತ್ತಿಗೆ ಹತ್ತಿತು ಎಂದೆ.

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾವರದ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಸೇರಿದ್ದೆ. ಪೇಟೆಯ ಸೋಡಾ ಅಂಗಡಿಯೊಂದರ ಹಿಂದೆಯೇ ಮಾಲೀಕರ ಮನೆ. ಅಲ್ಲಿ ನನಗೊಂದು ಬಾಡಿಗೆ ಕೋಣೆ ಸಿಕ್ಕಿತು. ಮಾಲೀಕರನ್ನು ಊರೆಲ್ಲ ಸೋಡಾ ಮಾಮ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಅವರ ಹೆಂಡತಿ ನನಗೆ ಮಾಮಿ. ಮಾಮನದು ಸಣಕಲು ದೇಹ. ಬಾಟಲಿ ಸಿಡಿದು ಗಾಜು ತಾಗಿದ ಗಾಯದ ಗುರುತುಗಳು ಮೊಣಕೈವರೆಗೂ ಇದ್ದವು. ಬೆಳಗಾದರೆ ಬಾಟಲಿಗಳನ್ನು ಮಶೀನಿನ ಪೆಟ್ಟಿಗೆಗೆ ಸಿಕ್ಕಿಸಿ ಚಕ್ರ ತಿರುಗಿಸುತ್ತಿದ್ದರು. ಸಿಲಿಂಡರಿನ ಗ್ಯಾಸು ತುಂಬಿದ ಹಾಗೆ ಒಳಗಿನ ಗೋಲಿ ಮೇಲೆದ್ದು, ರಬ್ಬರಿಗೆ ಕಚ್ಚಿಕೊಂಡು ಬಾಟಲಿಯ ಬಾಯಿ ಮುಚ್ಚುತ್ತಿತ್ತು.

ಕೋಣೆ ಒಳ್ಳೆಯದೇ. ಆದರೆ ಅದರ ಎರಡು ಕಿಟಕಿಗೂ ಬಾಗಿಲಿರಲಿಲ್ಲ. ಮೊದಲ ಮಳೆಗೇ ನನ್ನ ಹಾಸಿಗೆ ತೊಯ್ದು ತೊಪ್ಪೆಯಾಯಿತು. ನಾನೋ ಬಾಯಿ ಜೋರಿನವಳು, ಕೂಗಾಡಿಬಿಟ್ಟೆ. ಹೊನ್ನಾವರದ ಮಳೆಯಲ್ಲಿ ಕಿಟಕಿಗೆ ಬಾಗಿಲಿಲ್ಲದ ಮನೆಯನ್ನು ಯಾರಾದರೂ ಬಾಡಿಗೆಗೆ ಕೊಡುತ್ತಾರೆಯೇ? ಮಾಮ ಒಂದು ಚಾಪೆ ತಂದು ಕಟ್ಟಿದರು, ಅದನ್ನೂ ಪೂರ್ತಿ ಇಳಿಸಲಿಲ್ಲ. "ಅಷ್ಟು ಬಿಡಿ ಅಕ್ಕೋರೆ, ಗಾಳಿ ಆಡ್ಲಿ" ಎಂದರು. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಎನ್ನುವುದು ರೂಢಿ. ಮಾಮಿ ಸರಕ್ಕನೆ ಒಳಗೆ ಹೋದರು.

ಕೆಲವು ವರ್ಷ ಕಳೆದ ಮೇಲೆ ಜಿಲ್ಲೆಯಲ್ಲೆಲ್ಲ ಕೈಗಾದ ಅಣುಸ್ಥಾವರದ್ದೇ ಮಾತಾಯಿತು. ಸೋಡಾ ಅಂಗಡಿಯ ಬೆಂಚಿನ ಮೇಲೆ ಕುಳಿತವರೆಲ್ಲ ಅಣು ಪಂಡಿತರಾದರು. ಒಂದು ಭಾನುವಾರ ಮಾಮ ನನ್ನ ಬಳಿ ಬಂದು, ಅಣು ಅಂದರೆ ಎಂತ, ಸರಿಯಾಗಿ ಹೇಳಿ ಎಂದರು. ನಾನು ಅಂಗಳದ ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದೆ. ನಡುವೆ ಬೀಜ, ಸುತ್ತ ತಿರುಗುವ ಎಲೆಕ್ಟ್ರಾನುಗಳು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ಸುತ್ತೂದು ಎಂತಕೆ? ಅದ್ಕೆ ಸುಸ್ತಾಗೂದಿಲ್ವಾ?"

ನನಗೆ ನಗು ತಡೆಯಲಾಗಲಿಲ್ಲ. ಮಾಮ ಅಷ್ಟಕ್ಕೆ ಬಿಡುವವರಲ್ಲ, ಸ್ವಲ್ಪ ದಿನದಲ್ಲೇ ತಮ್ಮದೇ ಅಣುವನ್ನು ತಯಾರು ಮಾಡಿಕೊಂಡು ಬಂದರು. ಅವರ ಪ್ರಕಾರ ಅಣುವೆಂದರೆ ಒಂದು ಸೋಡಾ ಬಾಟಲಿ. ಒಳಗೆ ಏನೂ ಸುತ್ತುವುದಿಲ್ಲ. ಕುತ್ತಿಗೆಯಲ್ಲಿ ಒಂದು ಗೋಲಿ ಕೂತಿದೆ. ಶಾಖ ಬಂದು ಒತ್ತಿದರೆ ಗೋಲಿ ಒಳಗೆ ಹೋಗುತ್ತದೆ, ಶಾಖವೂ ಒಳಗೆ ಹೋಗುತ್ತದೆ. ಗೋಲಿ ವಾಪಸು ಬಂದರೆ ಶಾಖ ಹೊರಗೆ. ಎಲ್ಲ ವಸ್ತುವಿನಲ್ಲೂ ಹೀಗೇ, ಆದರೆ ಸೋಡಾ ಗ್ಯಾಸಿನಲ್ಲಿ ಮಾತ್ರ ಗೋಲಿ ಒಳಗೇ ಸಿಕ್ಕಿಬೀಳುತ್ತದೆ, ಶಾಖ ಹೊರಗೆ ಬರುವುದೇ ಇಲ್ಲ!

ಇದರ ಮೇಲೆ ನಾವು ಜಗಳಾಡಿದ್ದಕ್ಕೆ ಲೆಕ್ಕವಿಲ್ಲ. ಬೆಂಚಿನವರಿಗೆ ಪುಕ್ಕಟೆ ನಾಟಕ. "ವಿಜ್ಞಾನಿಗಳೇ, ಒಂದು ಜಿಂಜರ್ ಕೊಡ್ರಿ" ಎಂದು ಮಾಮನ ಕಾಲೆಳೆಯುತ್ತಿದ್ದರು, ಮಾಮನೂ ನಗುತ್ತಿದ್ದರು. ಆ ಗೋಲಿಯ ಅಣು ಶುದ್ಧ ತಲೆಹರಟೆ. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಆದರೆ ಗ್ಯಾಸಿನ ಮಾತು ಬಂದರೆ ಮಾಮ ನಗುತ್ತಿರಲಿಲ್ಲ. ನೀರಿಲ್ಲದೆ ಬರೀ ಗ್ಯಾಸು ತುಂಬಿದ ಬಾಟಲಿಯೊಂದನ್ನೂ ಖಾಲಿ ಬಾಟಲಿಯೊಂದನ್ನೂ ಬಿಸಿಲಿಗಿಟ್ಟು, ಆಮೇಲೆ ನೆರಳಿಗೆ ತಂದು ಕೆನ್ನೆಗೆ ಒತ್ತಿ ನೋಡುತ್ತಿದ್ದರು. ಗ್ಯಾಸಿನದ್ದು ಬೇಗ ತಣಿಯುವುದಿಲ್ಲ ಎನ್ನುತ್ತಿದ್ದರು. ನನ್ನ ಕೈಗಂತೂ ಎರಡೂ ಒಂದೇ. ಅವರು ಬಾಟಲಿ ಹಿಡಿದು ಕಣ್ಣು ಮುಚ್ಚಿಕೊಳ್ಳುವ ರೀತಿ ನೋಡಿದರೆ ಮಾತ್ರ ಇದು ಬರೀ ಆಟವಲ್ಲ ಅನ್ನಿಸುತ್ತಿತ್ತು…

ಕಾರಣ ಹೇಳಿದ್ದು ಮಾಮಿ. ಒಂದು ಮಧ್ಯಾಹ್ನ ಬಾವಿಕಟ್ಟೆಯ ಪಕ್ಕ ಬಂಗಡೆ ಮೀನು ಕೊಯ್ಯುತ್ತಿದ್ದವರು ತಲೆ ಎತ್ತದೆ ಹೇಳಿದರು. "ನೀವು ಇರೂ ಕೋಣೆಲೇ ನಮ್ಮ ಹೆಣ್ಣು ಹೋದ್ದು."

ಒಬ್ಬಳೇ ಮಗಳು, ಎರಡನೇ ಇಯತ್ತೆ ಓದುತ್ತಿದ್ದಳಂತೆ. ಮಳೆಗಾಲದಲ್ಲಿ ಜ್ವರ ಬಂತು. ಥಂಡಿ ತಾಗಬಾರದೆಂದು ಕಿಟಕಿ, ಬಾಗಿಲು ಎಲ್ಲ ಮುಚ್ಚಿ, ಬೆವರು ಬರಲೆಂದು ಕಂಬಳಿ ಹೊದಿಸಿದರು. ಮಾಮ ಅಂಗಡಿ ಬಿಟ್ಟು ಅವಳ ತಲೆಯ ಬಳಿ ಕೂತವರು ಏಳಲೇ ಇಲ್ಲ. ಅಂಗಡಿ ಸೋರುತ್ತಿತ್ತೆಂದು ಗ್ಯಾಸಿನ ಸಿಲಿಂಡರನ್ನೂ ಅದೇ ಕೋಣೆಯ ಮೂಲೆಗೆ ತಂದಿಟ್ಟಿದ್ದರು, ಅದು ಆಗಾಗ ಸುಂಯ್ ಎನ್ನುತ್ತಿತ್ತಂತೆ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರೂ ಜ್ವರ ಇಳಿಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ದಿನವೇ ಮಾಮ ಆ ಕೋಣೆಯ ಕಿಟಕಿಗಳ ಬಾಗಿಲನ್ನು ಕಿತ್ತು ಒಲೆಗೆ ಹಾಕಿದರಂತೆ. ಆ ಕಿಟಕಿಗಾಗಿ ನಾನು ಎಷ್ಟು ಕೂಗಾಡಿದ್ದೆ!

ಮರುದಿನ ಮಾಮನೇ ಬಂದರು. ಮಾಮಿ ಹೇಳಿದ್ದು ಅವರಿಗೆ ಗೊತ್ತಾಗಿತ್ತು.

"ಬಾಟ್ಲಿ ಗ್ಯಾಸು, ನಾವು ಬಿಡೂ ಉಸ್ರು, ಎರಡೂ ಒಂದೇ ಅಲ್ವಾ ಅಕ್ಕೋರೆ?"

"ಹೌದು ಮಾಮ. ಉಸಿರಿನಲ್ಲಿ ಅದೂ ಇದೆ."

"ಅದು ಶಾಖ ಹಿಡೂದು ಹೌದಾ?"

"ಹಿಡಿಯುತ್ತದೆ, ಆದರೆ…"

ಆ 'ಆದರೆ'ಯನ್ನು ಅವರು ಕೇಳಿಸಿಕೊಳ್ಳಲಿಲ್ಲ. ಅವರು ಹೋದಲ್ಲೆಲ್ಲ ಹಿಂದೆ ಹೋಗಿ ಹೇಳಿದೆ. ನೆಲದಿಂದ ಮೇಲೇಳುವ ಶಾಖವನ್ನು ಈ ಗ್ಯಾಸು ತಡೆಯುವುದು ನಿಜ, ಆದರೆ ಅದಕ್ಕೆ ಇಡೀ ಆಕಾಶದಷ್ಟು ಗಾಳಿ ಬೇಕು. ಕಲ್ಲಿದ್ದಲು, ಎಣ್ಣೆ ಸುಟ್ಟು ಅದು ಹೆಚ್ಚುತ್ತ ಹೋದರೆ ಭೂಮಿ ಬಿಸಿಯಾದೀತು. ಒಂದು ಕೋಣೆಯ ಗಾಳಿಗೆ ಆ ತಾಕತ್ತಿಲ್ಲ. ಮಗುವಿನ ಜ್ವರ ಮಗುವಿನ ಮೈಯೊಳಗಿನದು, ಗಾಳಿಯದ್ದಲ್ಲ. ಮಾಮ ಒಂದೇ ಮಾತು ಕೇಳಿದರು. "ಭೂಮಿಗೆ ಆಗೂದು ಮಗೀಗೆ ಆಗೂದಿಲ್ವಾ?" ನಾನು ಕನಿಕರಕ್ಕೆ ಹೀಗೆ ಹೇಳುತ್ತಿದ್ದೇನೆ ಎಂದೇ ಅವರು ತಿಳಿದರು. ತನ್ನ ಉಸಿರೂ ತನ್ನ ಸಿಲಿಂಡರೂ ಸೇರಿ ಮಗಳ ಮೈಯ ಶಾಖವನ್ನು ಹೊರಗೆ ಬಿಡಲಿಲ್ಲ, ಅವಳನ್ನು ಕೊಂದದ್ದು ತಾನೇ ಎಂಬುದು ಅವರೊಳಗೆ ಕೂತುಬಿಟ್ಟಿತ್ತು. ಅವರ ಸಿದ್ಧಾಂತ ಸುಳ್ಳಾದರೆ ಊರು ನಗುತ್ತಿತ್ತು, ಅಷ್ಟೇ. ನಿಜವಾದರೆ ಅವರು ಮಗಳನ್ನು ಕೊಂದ ತಂದೆ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮಾಮಿ ಪೇಪರನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಕೋಣೆಗೆ ಓಡಿ ಬಂದರು. ಒಳಪುಟದಲ್ಲಿ ದೊಡ್ಡ ಅಕ್ಷರದ ತಲೆಬರಹ: 'ಭೂಮಿಗೆ ಜ್ವರ'. ಇಂಗಾಲದ ಡೈಆಕ್ಸೈಡು, ಅಂದರೆ ಇದೇ ಸೋಡಾ ಗ್ಯಾಸು, ಹೆಚ್ಚಿ ಲೋಕ ಬಿಸಿಯಾಗುತ್ತಿದೆ ಎಂದು ವಿವರವಾಗಿ ಬರೆದಿದ್ದರು. ಆ ತಲೆಬರಹ ಬರೆದ ಪುಣ್ಯಾತ್ಮನಿಗೆ ಬೇರೆ ಶಬ್ದ ಸಿಗಲಿಲ್ಲವೇ? "ಅವ್ರಿಗೆ ತೋರ್ಸಬೇಡಿ ಅಕ್ಕೋರೆ, ನಿಮ್ಮ ಕಾಲಿಗೆ ಬೀಳ್ತೆ" ಎಂದು ಮಾಮಿ ಅತ್ತರು. ಆದರೆ ಪೇಪರು ಬರುವುದು ನಮ್ಮ ಮನೆಯೊಂದಕ್ಕೇ ಅಲ್ಲವಲ್ಲ. ಅಷ್ಟರಲ್ಲೇ ಅಂಗಡಿಯ ಕಡೆ ಗಲಾಟೆ ಕೇಳಿಸಿತು.

"ಮಾಮಾ, ನೀವು ಹೇಳಿದ್ದು ಖರೆ ಆತು! ಪೇಪರಲ್ಲೇ ಬಂದದೆ!"

ನಾನು ಓಡಿ ಹೋಗಿ ನೋಡಿದರೆ ಬೆಂಚಿನವರು ಮಾಮನ ಬೆನ್ನು ತಟ್ಟುತ್ತಿದ್ದಾರೆ, ಎಲ್ಲರಿಗೂ ಸೋಡಾ ಆಗಲೇಬೇಕು ಎಂದು ಕೂಗುತ್ತಿದ್ದಾರೆ. ಪಾಪ, ಅವರಿಗೆ ನಿಜವಾಗಿಯೂ ಸಂತೋಷ. ಮಾಮ ಒಬ್ಬೊಬ್ಬರಿಗೂ ಗೋಲಿ ಒತ್ತಿ ಸೋಡಾ ಕೊಟ್ಟರು. ಅವರೆಲ್ಲ ಕುಡಿದು ಹೋದ ಮೇಲೆ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಹಾಕಿ ಮುಚ್ಚಿದರು. ಮತ್ತೆ ತೆರೆಯಲಿಲ್ಲ.

ಆ ಮಳೆಗಾಲದಲ್ಲಿ ಮಾಮನಿಗೇ ಜ್ವರ ಬಂತು. ಯಾರನ್ನೂ ಹತ್ತಿರ ಕೂರಲು ಬಿಡಲೊಲ್ಲರು, ಮಾಮಿ ಹೊಸ್ತಿಲಾಚೆಯೇ ಕೂತು ಗಂಜಿಯ ಬಟ್ಟಲು ಒಳಗೆ ದೂಡಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಇವತ್ತು ನಿಮ್ಮ ಮಾತು ನಡೆಯುವುದಿಲ್ಲ ಎಂದು ಹೇಳಿ, ಮಾಮಿಯೂ ನಾನೂ ಅವರನ್ನು ಎಬ್ಬಿಸಿ ನನ್ನ ಕೋಣೆಯಲ್ಲೇ ಮಲಗಿಸಿದೆವು. ಎರಡೂ ಕಿಟಕಿಗೆ ಗೋಣಿ ಹೊಡೆದು, ಬಾಗಿಲಿಗೆ ಚಿಲಕ ಹಾಕಿ, ಕಂಬಳಿ ಹೊದಿಸಿ ಇಬ್ಬರೂ ಅವರ ಪಕ್ಕ ಕೂತೆವು. ಬೇಕೆಂದೇ ಜೋರಾಗಿ ಉಸಿರು ಬಿಟ್ಟೆ. ಡಾಕ್ಟರರ ಗುಳಿಗೆ ಹೊಟ್ಟೆಯಲ್ಲಿತ್ತು. ಸಂಜೆಯಾಗುವಾಗ ಹಣೆ ಬೆವರಿತು, ಜ್ವರ ಇಳಿಯಿತು. ಥರ್ಮಾಮೀಟರನ್ನು ಅವರ ಕಣ್ಣ ಮುಂದೆ ಹಿಡಿದು ಹೇಳಿದೆ. "ನೋಡಿ ಮಾಮ! ಎಲ್ಲ ಮುಚ್ಚಿತ್ತು, ಮೂವರೂ ಉಸಿರಾಡಿದ್ದೇವೆ. ಇಳಿಯಿತೋ ಇಲ್ಲವೋ?" ಗೆದ್ದೆ ಎಂದುಕೊಂಡಿದ್ದೆ. ಮಾಮಿಯ ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ಏನೋ ಸಡಿಲವಾದ ಹಾಗಿತ್ತು.

ಮಾಮ ಥರ್ಮಾಮೀಟರ್ ನೋಡಿದರು. ಆಮೇಲೆ ಕೋಣೆಯ ಮೂಲೆ ನೋಡಿದರು.

"ಸಿಲಿಂಡರ್ ಇರ್ಲಿಲ್ಲಲ್ಲ ಅಕ್ಕೋರೆ…"

ಅದಾದ ಮೇಲೆ ನಾನು ವಾದ ಮಾಡಲಿಲ್ಲ. ಮಾಮಿ ಚಕ್ಕುಲಿ ಮಾಡಿ ಮಾರಿ ಮನೆ ನಡೆಸಿದರು. ನನಗೆ ಕುಮಟಾಕ್ಕೆ ವರ್ಗವಾಯಿತು. ಮಾಮ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು, ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಮಾಮಿಯೂ ಇಲ್ಲ.

ನಿವೃತ್ತಿಯಾಗುವವರೆಗೂ ಹಸಿರುಮನೆ ಪರಿಣಾಮದ ಪಾಠ ಮಾಡಿದಾಗಲೆಲ್ಲ ಕೊನೆಗೆ ಒಂದು ವಾಕ್ಯ ಬರೆಸುತ್ತಿದ್ದೆ: ಮುಚ್ಚಿದ ಕೋಣೆಯಲ್ಲಿ ತಂದೆಯ ಉಸಿರಿನಿಂದಾಗಲಿ, ಮೂಲೆಯಲ್ಲಿಟ್ಟ ಗ್ಯಾಸಿನಿಂದಾಗಲಿ ಮಗುವಿನ ಜ್ವರ ಏರುವುದಿಲ್ಲ. ಪರೀಕ್ಷೆಗೆ ಬರುತ್ತದೆಯೇ ಎಂದು ಹುಡುಗಿಯರು ಕೇಳುತ್ತಿದ್ದರು. ಬರುತ್ತದೆ, ಬರೆದುಕೊಳ್ಳಿ ಎಂದು ಗದರುತ್ತಿದ್ದೆ.

ಮೊನ್ನೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಭಟ್ಕಳದಿಂದ ಫೋನು ಮಾಡಿದ್ದಳು. ಈಗ ಅವಳೂ ಅಕ್ಕೋರೇ. ಸೆಕೆಯ ಬಗ್ಗೆ ಅಷ್ಟು ಹೊತ್ತು ಗೊಣಗಿ, ತಾನೂ ಮಕ್ಕಳಿಗೆ ಆ ವಾಕ್ಯ ಬರೆಸುತ್ತಿದ್ದೇನೆ, ಅದು ಯಾವ ಪುಸ್ತಕದಲ್ಲಿದೆ ಎಂದು ಕೇಳಿದಳು. ಯಾವ ಪುಸ್ತಕದಲ್ಲೂ ಇಲ್ಲ, ಆದರೂ ಬರೆಸು ಎಂದೆ. ಎಷ್ಟೋ ಮಕ್ಕಳು ಅದನ್ನು ಒಂದೇ ಸಲಕ್ಕೆ ನಂಬಿದ್ದಾರೆ. ಮಾಮ ಮಾತ್ರ ನಂಬದೆಯೇ ಹೋದರು.