ಮಾಮಾ ಮತ್ತೆ ಮತ್ತೆ ಬಿಟ್ಟ ಆಟ

ನನ್ನ ತಾಯಿಯ ತಮ್ಮ, ಅಂದರೆ ನಮ್ಮ ಮಾಮಾ, ಕಬಡ್ಡಿಯಂಥ ಹುತುತು ಆಟವನ್ನು ಮೊದಲ ಸಲ ಬಿಟ್ಟಾಗ ನಾನು ಭಾಲ್ಕಿಯ ಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ಕಡೆ ಆಟ ಬಿಡುವವನಿಗೆ ರುಮಾಲು ಸುತ್ತುವವರು ಅವನ ತಂಡದವರಲ್ಲ, ಎದುರಾಳಿಗಳು. ಇಷ್ಟು ವರ್ಷ ಕಾಲು ಹಿಡಿದು ಎಳೆದವರೇ ಈಗ ತಲೆಗೆ ಮರ್ಯಾದೆ ಮಾಡಬೇಕು. ಉದಗೀರ ತಂಡದ ನಾಯಕ ಕೇಸರಿ ರುಮಾಲು ಸುತ್ತಿದ, ಮಾಮಾ ಎಲ್ಲರಿಗೂ ಪೇಢೆ ಹಂಚಿದರು. ಮುಂದಿನ ಸುಗ್ಗಿಯ ಹೊತ್ತಿಗೆ ಮತ್ತೆ ಅಂಗಳದಲ್ಲಿದ್ದರು. ಎರಡನೆಯ ಸಲ ರುಮಾಲು ಸುತ್ತಿದವರು ಔರಾದದವರು. ಆ ಬಿಡುವಿಕೆಯೂ ಬಹಳ ದಿನ ನಿಲ್ಲಲಿಲ್ಲ.

"ನಿಮ್ಮ ಮಾಮಾಗ ಹೊಸ ರುಮಾಲು ಬೇಕಾದಾಗ ಆಟ ಬಿಡ್ತಾರ ನೋಡು," ಎನ್ನುತ್ತಿದ್ದರು ಅತ್ತೆ. "ನನಗೂ ಒಂದು ಸೀರಿ ಬೇಕಾಗ್ಯದ. ನಾನೂ ಅಡಿಗಿ ಬಿಡ್ತೀನಿ, ಯಾರರೇ ತಂದು ಉಡಿಸಲಿ."

ಹೈದರಾಬಾದಿನಲ್ಲಿ ಪದವಿ ಮುಗಿಸಿ ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಾಗ ನಾನು ಮಾಮಾನ ಮನೆಯಲ್ಲಿ ಉಳಿದೆ. ಬೀದರ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಸ್ವಲ್ಪವೇ ಕಾಲವಾಗಿತ್ತು. ಹಳೆಯ ಜಿಲ್ಲಾ ತಂಡದ ಅರ್ಧದಷ್ಟು ಜನ ಉದಗೀರ, ನಿಲಂಗಾದವರು. ಅವರೆಲ್ಲ ಈಗ ಮುಂಬಯಿ ರಾಜ್ಯದವರಾಗಿದ್ದರು. ಮೈಸೂರಿನಲ್ಲಿ ನಡೆಯುವ ಪಂದ್ಯಕ್ಕೆ ಹೊಸ ತಂಡ ಆರಿಸುತ್ತಾರೆಂಬ ಸುದ್ದಿ ಬಂತು. ಮಾಮಾಗೆ ನಲವತ್ತು ದಾಟಿತ್ತು. ಮೂರನೆಯ ಸಲ ಆಟ ಬಿಟ್ಟಾಗ ಸುತ್ತಿದ ರುಮಾಲಿನ ಬಣ್ಣ ಇನ್ನೂ ಮಾಸಿರಲಿಲ್ಲ. ಸುದ್ದಿ ಕೇಳಿದ ಸಂಜೆಯೇ ಅವರು ಹಳೆಯ ಚಡ್ಡಿಗೆ ಲಾಡಿ ಪೋಣಿಸುತ್ತ ಕುಳಿತಿದ್ದರು.

ಅವರು ಯಾಕೆ ಮರಳಿ ಹೋಗುತ್ತಾರೆಂದು ತಿಳಿಯುವ ಕುತೂಹಲ ನನಗೆ ಮೊದಲಿನಿಂದ ಇತ್ತು. ಹೊಗಳಿಕೆಗಾಗಿ ಇರಲಾರದು, ಅದು ಅವರಿಗೆ ಬೇಕಾದಷ್ಟು ಸಿಕ್ಕಿತ್ತು. ಅಂದು ಧೈರ್ಯ ಮಾಡಿ ಕೇಳಿಯೇಬಿಟ್ಟೆ.

"ಮಾಮಾ, ಬಿಡೂದು ಖರೇನ ಇದ್ರ ಮತ್ತ್ಯಾಕ ಹೋಗ್ತೀರಿ?"

"ಬಿಡೋ ದಿನ ಖರೇನ ಇರ್ತದವ್ವಾ," ಎಂದರು. ಆಮೇಲೆ ಲಾಡಿ ಗಂಟು ಹಾಕುತ್ತ, "ಮೈಸೂರಾಗ ಒಮ್ಮೆ ಆಡಬೇಕು. ಈ ಸಲ ತಪ್ಪಿದರ ಮತ್ತ ಯಾರೂ ಕರ್ಯಾಂಗಿಲ್ಲ," ಎಂದರು.

ಆದರೆ ಹೊಸ ತಂಡಕ್ಕೆ ಹೊಸ ನಿಯಮವಿತ್ತು. ಇದುವರೆಗೆ ಎದುರಾಳಿಯ ಅಂಗಳಕ್ಕೆ ನುಗ್ಗಿದವನು ಉಸಿರು ಕಡಿಯದೆ 'ಹುತುತು' ಎನ್ನುತ್ತಿರಬೇಕಿತ್ತು, ನಮ್ಮಲ್ಲಿ ಅದಕ್ಕೆ ದಮ್ಮು ಎನ್ನುತ್ತಾರೆ. ಇನ್ನು ಮುಂದೆ 'ಕಬಡ್ಡಿ' ಎನ್ನಬೇಕು, ಬೇರೆ ಏನೇ ಅಂದರೂ ಔಟು. ಮಾಮಾನ ಕಾಲಿನ ಚುರುಕು ಹೋಗಿ ವರ್ಷಗಳಾಗಿದ್ದವು. ಅವರಲ್ಲಿ ಉಳಿದಿದ್ದು ದಮ್ಮು ಒಂದೇ. ಮೂವರು ಮೇಲೆ ಬಿದ್ದರೂ ದಮ್ಮು ಬಿಡದೆ ತೆವಳಿಕೊಂಡು ಗೆರೆ ಮುಟ್ಟುತ್ತಿದ್ದರು. ಈಗ ಹಿತ್ತಲಲ್ಲಿ ಕಬಡ್ಡಿ ಅನ್ನುತ್ತ ಸುತ್ತು ಹಾಕಿದರೆ ಬಾವಿಯ ಕಟ್ಟೆ ದಾಟುವುದರೊಳಗೆ ಏದುಸಿರು ಬರುತ್ತಿತ್ತು.

ಇದೇಕೆ ಹೀಗೆ ಎಂದು ನೋಡಬೇಕೆನಿಸಿತು. ಕೋಣೆಯ ಬಾಗಿಲು ಮುಂದೆ ಮಾಡಿ, ಬಾಯಿಯ ಮುಂದೆ ಅಂಗೈ ಹಿಡಿದು ಎರಡನ್ನೂ ಅಂದು ನೋಡಿದೆ. ಹುತುತು ಅನ್ನುವಾಗ ತುಟಿ ಕೂಡುವುದಿಲ್ಲ, ಗಾಳಿ ಎಳೆಯಂತೆ ಸಣ್ಣಗೆ ಹೋಗುತ್ತದೆ. ಕಬಡ್ಡಿ ಅನ್ನುವಾಗ 'ಬ'ಗೆ ತುಟಿ ಮುಚ್ಚಿ ತೆರೆಯುತ್ತದೆ, ಆಗ ಅಂಗೈಗೆ ಗಾಳಿ ಹೊಡೆಯುತ್ತದೆ. ಮತ್ತೊಮ್ಮೆ ನೋಡೋಣವೆಂದು ಜೋರಾಗಿ ಅನ್ನುತ್ತಿದ್ದೆ, ಅತ್ತೆ ಬಾಗಿಲು ತಳ್ಳಿದರು.

"ಯಾಕವ್ವಾ, ಜ್ವರ ಬಂದಾವೇನು? ಒಬ್ಬರ ಹುಚ್ಚ ಸಾಲದಾಗ್ಯದ ಈ ಮನಿಗಿ!"

ಊಟದ ಹೊತ್ತಿಗೆ ಮಾಮಾಗೆ ಹೇಳಿದೆ. ಅವರು ರೊಟ್ಟಿಯ ಕೈಯನ್ನೇ ಬಾಯಿಯ ಮುಂದೆ ಹಿಡಿದು ಅಂದು ನೋಡಿದರು. ಮುಖ ಅರಳಿತು.

"ಹಂಗಾ! ಎದಿ ಖಾಲಿ ಆಗೂದು ಅದಕ್ಕಾ! ನಾ ವಯಸ್ಸಾಯ್ತು ಅಂತ ತಿಳಿದಿದ್ದೆ."

"ವಯಸ್ಸೂ ಆಗ್ಯದ್ರಿ," ಎಂದರು ಅತ್ತೆ, ಪಲ್ಯ ಬಡಿಸುತ್ತ.

ಅಂದಿನಿಂದ 'ಬ'ವನ್ನು ಮೆತ್ತಗೆ ಅನ್ನುವ ಅಭ್ಯಾಸ ಶುರುವಾಯಿತು. ನಾನು ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದೆ. ಕೆಲವು ವಾರಗಳಲ್ಲಿ ಅವರು ಬಾವಿ ದಾಟಿ, ದನದ ಕೊಟ್ಟಿಗೆ ಸುತ್ತಿ ಬರುವಂತಾದರು.

ಆಯ್ಕೆ ನಡೆದದ್ದು ಕೋಟೆಯ ಹತ್ತಿರದ ಬಯಲಿನಲ್ಲಿ. ಬೀದರ, ಭಾಲ್ಕಿಯವರು ಒಂದು ಕಡೆ, ಔರಾದದವರು ಇನ್ನೊಂದು ಕಡೆ. ನಾನು, ಅತ್ತೆ ಬೇವಿನ ಮರದ ಕೆಳಗೆ ನಿಂತಿದ್ದೆವು. ಮಾಮಾ ನುಗ್ಗಿದ ಮೊದಲ ಎರಡು ಸಲವೂ ಒಬ್ಬೊಬ್ಬರನ್ನು ಮುಟ್ಟಿ ಬಂದರು. 'ಬ' ಮೆತ್ತಗೇ ಇತ್ತು. ಕೊನೆಯ ಸಲ ಒಬ್ಬನನ್ನು ಮುಟ್ಟಿ ತಿರುಗುವಷ್ಟರಲ್ಲಿ ಇಬ್ಬರು ಕಾಲು ಹಿಡಿದರು, ಮೂರನೆಯವನು ಬೆನ್ನ ಮೇಲೆ ಬಿದ್ದ. ಮಾಮಾ ಮಣ್ಣಿನಲ್ಲಿ ಮೊಣಕೈ ಊರಿ ಗೆರೆಯ ಕಡೆಗೆ ಎಳೆದುಕೊಂಡು ಬರುತ್ತಿದ್ದರು. ಕಬಡ್ಡಿ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು. ಬೆರಳು ಗೆರೆಗೆ ಸಮೀಪಿಸುವಾಗ ಆ ಬಾಯಿಂದ ಎಳೆಯಂತೆ ಹೊರಟದ್ದು, ಹುತುತು, ಹುತುತು.

ಕೈ ಗೆರೆ ಮುಟ್ಟಿತು. ಸೀಟಿಯೂ ಮೊಳಗಿತು. ಪಂಚರು ಔಟೆಂದು ಕೈ ಎತ್ತಿದರು.

ಮಾಮಾನ ಬೆನ್ನ ಮೇಲಿದ್ದ ಔರಾದದ ಹುಡುಗನೇ ಎದ್ದು ಜಗಳಕ್ಕೆ ನಿಂತ. "ಗೆರಿ ಮುಟ್ಯಾರಲ್ರಿ! ಹಿಡದವರು ನಾವು, ನಾವೇ ಸೋತೇವಿ ಅಂತೇವಿ. ನಿಮ್ಮದೇನ್ರಿ ನಡುವ?"

"ದಮ್ಮು ತಪ್ಪೇದ," ಎಂದರು ಪಂಚರು.

"ನಾಲಿಗಿಗೂ ರಾಜ್ಯ ಬದಲಾಗ್ಯದ ಅಂತ ಯಾರರೇ ಹೇಳಬೇಕಲ್ರಿ ಅದಕ್ಕ!" ಎಂದು ಗುಂಪಿನಿಂದ ಯಾರೋ ಕೂಗಿದರು. ಜನ ನಕ್ಕರು.

ಮಾಮಾ ಎದ್ದು ಎದೆಯ ಮಣ್ಣು ಒರೆಸಿಕೊಂಡರು. "ಔಟ ಆಗೀನ್ರಿ. ನನ್ನ ಕಿವಿಗೂ ಕೇಳ್ಸೇದ," ಎಂದರು.

ಸಂಜೆ ಆಯ್ಕೆಯಾದವರನ್ನು ಕರೆದು ಸಾಲಾಗಿ ನಿಲ್ಲಿಸಿದರು. ಮಾಮಾನನ್ನು ಕರೆಯಲಿಲ್ಲ.

ಹಳೆಯ ಮದರಸಾದ ಪಕ್ಕದ ದಾರಿಯಲ್ಲಿ ಮೂವರೂ ನಡೆದು ಬರುತ್ತಿದ್ದೆವು. ಕೇಳಬಾರದೆಂದುಕೊಂಡೇ ಕೇಳಿದೆ.

"ಇನ್ನ ಬಿಡ್ತೀರೇನ್ರಿ ಮಾಮಾ?"

"ಹುತುತು ಬಿಟ್ಟಂಗನ. ಆಡೋರು ಎಲ್ಲಾ ಆ ಕಡಿ ಹೋದ್ರು." ಮೊಣಕೈಗೆ ಅಂಟಿದ ಮಣ್ಣು ಉದುರಿಸಿದರು. "ಕಬಡ್ಡಿ ಮಾತ್ರ ನನಗ ಇನ್ನೂ ಬಂದೇ ಇಲ್ಲಲ್ಲವ್ವಾ. ಬರಲಾರದ ಆಟ ಹ್ಯಾಂಗ ಬಿಡ್ಲಿ?"

"ಶುರು ಆಯ್ತು ನೋಡು," ಎಂದು ಅತ್ತೆ ಸೆರಗು ಹೊದ್ದುಕೊಂಡು ಮುಂದೆ ನಡೆದರು.

ಮಾಮಾ ಉಸಿರು ತುಂಬಿಕೊಂಡು ಕಬಡ್ಡಿ ಅನ್ನತೊಡಗಿದರು. ಎದುರಿಗೆ ಬಂದ ಟಾಂಗಾದವನು ಕುದುರೆಯ ಲಗಾಮು ಎಳೆದು ಅವರನ್ನೇ ನೋಡಿದ. ನಾನು ಪಕ್ಕದಲ್ಲೇ ಕಿವಿಗೊಟ್ಟು ನಡೆದೆ. ಚೌಬಾರಾದ ಗೋಪುರ ಕಾಣುವಲ್ಲಿ ಒಮ್ಮೆ 'ಬ' ಅನ್ನುವಾಗ ಅವರ ತುಟಿ ಬಿಗಿಯಾಯಿತು.

"ಇಲ್ಲಿ ಜೋರಾಯ್ತ್ರಿ," ಎಂದೆ.

ತಲೆಯಾಡಿಸಿ, ಮೊದಲಿನಿಂದ ದಮ್ಮು ಹಿಡಿದರು.