ನಲವತ್ತು ನಿಮಿಷದ ವರದಿ

ಕಳೆದ ವಾರ ಚನ್ನಗಿರಿಯಲ್ಲಿ ಒಬ್ಬ ಹೊಸ ಮೇಷ್ಟ್ರು ನನ್ನನ್ನು ತುಂಬಿದ ಸಭೆಯಲ್ಲಿ ಸಿಕ್ಕಿಸಿಹಾಕಿದರು.

ವಿಜ್ಞಾನದ ಮೇಷ್ಟ್ರುಗಳ ತರಬೇತಿ. ನಾನು ಅತಿಥಿ. ಸ್ವಾಗತ ಮಾಡಿದವರು 'ಅರಬ್ ದೇಶದ ಶಿಕ್ಷಕರಿಗೇ ಪಾಠ ಹೇಳಿಕೊಟ್ಟು ಬಂದ ಮೇಡಂ' ಎಂದು ಪರಿಚಯ ಹೇಳಿದರು. ಚಪ್ಪಾಳೆ ಬಿತ್ತು. ನಾನೂ ಬೇಡವೆನ್ನಲಿಲ್ಲ. (ಚಪ್ಪಾಳೆ ಬೇಡ ಎಂದವರನ್ನು ನಾನಿನ್ನೂ ನೋಡಿಲ್ಲ.) ಆಗ ಹಿಂದಿನ ಸಾಲಿನಿಂದ ಈ ಮೇಷ್ಟ್ರು ಎದ್ದರು.

"ಮೇಡಂ, ತಪ್ಪು ತಿಳ್ಕಬ್ಯಾಡ್ರಿ. ನಿಮಗೆ ಅರಬ್ಬಿ ಬರ್ತಿತ್ತೇನ್ರಿ?"

"ಹೋದಾಗ ಬರ್ತಿರಲಿಲ್ಲ."

"ಮತ್ತೆ ಅವರ ಪಾಠ ಸರಿ ಐತೋ ಇಲ್ಲೋ ಅಂತ ಹೆಂಗೆ ಹೇಳಿದ್ರಿ?"

ಹಾಲ್ ತುಂಬ ನಗು. ಅಷ್ಟರಲ್ಲಿ ಊಟಕ್ಕೆ ಕರೆದರು, ನಾನು ಬಚಾವಾದೆ. ಆದರೆ ಬಸ್ಸಿನಲ್ಲಿ ಹೊನ್ನಾಳಿ ಮುಟ್ಟುವವರೆಗೂ ಆ ಪ್ರಶ್ನೆ ನನ್ನ ಪಕ್ಕದಲ್ಲೇ ಕೂತಿತ್ತು. ಕೇಳಿದ್ದರಲ್ಲಿ ತಪ್ಪೇನಿದೆ? ಉತ್ತರ ಮಾತ್ರ ಸ್ವಲ್ಪ ಉದ್ದ. ಈ ವಾರದ ಅಂಕಣದ ಜಾಗವೆಲ್ಲ ಅದಕ್ಕೇ ಇರಲಿ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಜಗಳೂರಿನ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿದ್ದೆ. ಯೆಮೆನ್ ದೇಶದ ಹೆಣ್ಣುಮಕ್ಕಳ ಶಾಲೆಗಳಿಗೆ ಸಲಹೆಗಾರ್ತಿ ಬೇಕೆಂದು ಪೇಪರಿನಲ್ಲಿ ಬಂತು. ಅಲ್ಲಿ ಗಂಡಸರು ಹೆಣ್ಣುಮಕ್ಕಳ ತರಗತಿಯೊಳಗೆ ಹೋದರೆ ಊರಿನವರು ಒಪ್ಪುವುದಿಲ್ಲ, ಹಾಗಾಗಿ ಹೆಂಗಸೇ ಆಗಬೇಕು. ಅರ್ಜಿ ಹಾಕಿದೆ. ಆಯ್ಕೆಯೂ ಆಯಿತು. ನಮ್ಮ ಮನೆಯವರು ಹೊನ್ನಾಳಿಯಲ್ಲಿ ಸರ್ವೆಯರ್. ಎರಡು ಮಕ್ಕಳು. ಎರಡು ವರ್ಷದ ಕರಾರು. ಬಿಟ್ಟು ಹೋಗುವುದು ಹೇಗೆ?

ನ್ಯಾಮತಿಯಿಂದ ನಮ್ಮ ಅತ್ತೆ ಬಂದರು. ನಾನು ಅಳುಮುಖ ಮಾಡಿಕೊಂಡು ಕೂತಿದ್ದೆ. ಅವರು ಒಂದೇ ಮಾತು ಕೇಳಿದರು.

"ನಿಂಗೆ ಹೋಗಾಕೆ ಮನಸ್ಸೈತಾ, ಇಲ್ವಾ?"

"ಐತೆ ಅತ್ತೆ."

"ಮತ್ತೆ ಹಿಂಗ್ಯಾಕೆ ಕುಂತೀಯ? ಹುಡುಗ್ರಿಗೆ ರೊಟ್ಟಿ ಬಡಿಯಾಕೆ ನಾನಿದೀನಿ. ಅಲ್ಲಿ ಹೋಗಿ ಯಾರ ಮ್ಯಾಲೂ ದೊಡ್ಡಸ್ತಿಕೆ ಮಾಡಬ್ಯಾಡ, ಅಷ್ಟೆ."

ಮೊದಲರ್ಧ ಕೇಳಿಸಿಕೊಂಡು ಹೊರಟೆ.

ಯೆಮೆನ್ ಎಂದರೆ ಮರಳುಗಾಡು ಎಂದುಕೊಂಡಿದ್ದೆ. ನನ್ನನ್ನು ಹಾಕಿದ್ದು ಬೆಟ್ಟದ ಮೇಲಿನ ಊರಿಗೆ. ಕಲ್ಲಿನ ಎತ್ತೆತ್ತರದ ಮನೆಗಳು. ಬೆಟ್ಟದ ಮೈಗೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಹೊಲ, ಹೊಲದಲ್ಲಿ ಜೋಳ. ಜಗಳೂರಿನ ಕಡೆಯವಳಿಗೆ ಇನ್ನೇನು ಬೇಕು? ಭಾಷೆಯೂ ಹೆದರಿದಷ್ಟು ಪರಕೀಯವಾಗಿರಲಿಲ್ಲ. ಕುರ್ಚಿಗೆ ಕುರ್ಸಿ, ಸಾಬೂನಿಗೆ ಸಾಬೂನು, ಖಾಲಿಗೆ ಖಾಲಿ, ಜವಾಬಿಗೆ ಜವಾಬು. ತರಗತಿಯಲ್ಲಿ ಹೆಸರು ಕೂಗಿದರೆ ಮಕ್ಕಳು 'ಹಾಜರ್' ಅನ್ನುತ್ತಿದ್ದವು. ನಮ್ಮ ತಾಲೂಕು ಕಚೇರಿಯ ಕನ್ನಡ ಗೊತ್ತಿದ್ದವರಿಗೆ ಅರ್ಧ ಅರಬ್ಬಿ ಬಂದಹಾಗೆ ಎಂದು ಮನೆಗೆ ಕಾಗದ ಬರೆದೆ. ಉಳಿದರ್ಧಕ್ಕೆ ನನ್ನ ಜೊತೆಗೆ ಅವಾತಿಫ್ ಇದ್ದರು. ಸುಡಾನಿನವರು, ಪಟ್ಟಣದ ಶಾಲೆಯ ಮುಖ್ಯೋಪಾಧ್ಯಾಯಿನಿ. ಎತ್ತರದ ಆಳು, ನಿಧಾನದ ಮಾತು, ಒಳ್ಳೆಯ ಇಂಗ್ಲಿಷ್. ನನ್ನ ದುಭಾಷಿ ಅವರೇ.

ಕೆಲಸ ಸುಲಭ. ಕಚೇರಿಯ ಜೀಪಿನಲ್ಲಿ ಹಳ್ಳಿಗೆ ಹೋಗುವುದು. ತರಗತಿಯ ಹಿಂದೆ ಕೂರುವುದು. ಪಾಠ ನೋಡಿ ವರದಿ ಬರೆಯುವುದು. ಶಿಕ್ಷಕರು ನನಗಾಗಿ ಎದ್ದು ನಿಲ್ಲುತ್ತಿದ್ದರು. ಹನ್ನೊಂದು ವರ್ಷ ಇನ್‌ಸ್ಪೆಕ್ಟರುಗಳಿಗೆ ಎದ್ದು ನಿಂತವಳು ನಾನು. ಈಗ ನನಗೇ ಯಾರೋ ಎದ್ದು ನಿಂತರೆ ಹೇಗಿರಬೇಡ? ಮೂರು ತಿಂಗಳಲ್ಲಿ ಅದು ನನಗೆ ಚೆನ್ನಾಗಿ ಒಗ್ಗಿಹೋಯಿತು.

ಆಗ ಹಯಾತ್‌ಳ ಶಾಲೆಗೆ ಹೋದದ್ದು.

ಹಯಾತ್‌ಗೆ ಹತ್ತೊಂಬತ್ತು ವರ್ಷ. ಅದೇ ಹಳ್ಳಿಯವಳು, ಪಟ್ಟಣದಲ್ಲಿ ಎರಡು ವರ್ಷ ಓದಿ ಬಂದಿದ್ದಳು. ಆ ಊರಲ್ಲಿ ಹುಟ್ಟಿ ಟೀಚರ್ ಆದ ಮೊದಲ ಹೆಣ್ಣು. ಒಂದೇ ಕೋಣೆ, ಮೂವತ್ತೆರಡು ಹುಡುಗಿಯರು. ನಾನು ಹೋದ ದಿನ ನೀರಿನ ಪಾಠ. ಅವಳು ಪೂರ್ತಿ ಗೋಡೆಯ ಕಡೆಗೇ ತಿರುಗಿ, ಬೋರ್ಡಿನ ಮೇಲೆ ಬರೆದಳು. ಹುಡುಗಿಯರು ಬರೆದದ್ದನ್ನೆಲ್ಲ ರಾಗ ಹಾಕಿ ಹಾಡಿದರು. ಮತ್ತೆ ಹಾಡಿದರು. ಮತ್ತೂ ಹಾಡಿದರು. ಮೂಲೆಯಲ್ಲಿ ಪ್ರಯೋಗದ ಸಾಮಾನಿನ ಪೆಟ್ಟಿಗೆ, ಅದಕ್ಕೆ ಬೀಗ. ಒಂದು ಪ್ರಶ್ನೆಯಿಲ್ಲ, ಒಂದು ಪ್ರಯೋಗವಿಲ್ಲ. ಅವಾತಿಫ್ ಪಕ್ಕದಲ್ಲಿ ನಲವತ್ತು ನಿಮಿಷ ಕೂತೆ, ಎದ್ದು ಬಂದೆ.

ವರದಿಯಲ್ಲಿ ಬರೆದೆ: 'ಬರೀ ಉರುಹೊಡೆಸುವ ಪಾಠ. ಸಾಮಾನಿದ್ದರೂ ಬಳಸುವುದಿಲ್ಲ. ವಿಜ್ಞಾನ ಕಲಿಸಲು ಯೋಗ್ಯರಲ್ಲ.' ಕೆಳಗೆ ಸಹಿ. ಚಂದದ ಸಹಿ ನನ್ನದು.

ಆರು ವಾರದ ಮೇಲೆ ಅದೇ ದಾರಿಯಲ್ಲಿ ಹೋಗುತ್ತಿದ್ದೆವು. ಶಾಲೆಯ ಬಾಗಿಲು ಮುಚ್ಚಿತ್ತು. ರಜೆಯೇ ಎಂದು ಅವಾತಿಫ್ ಇಳಿದು ವಿಚಾರಿಸಿದರು. ವಾಪಸು ಬಂದವರು ನನ್ನ ಮುಖ ನೋಡದೆ ಹೇಳಿದರು. "ನಿಮ್ಮ ವರದಿ ನೋಡಿ ಹಯಾತ್‌ಳನ್ನು ತೆಗೆದಿದ್ದಾರೆ. ಅವಳ ಜಾಗಕ್ಕೆ ಹಾಕಲು ಇದ್ದದ್ದು ಒಬ್ಬ ಗಂಡಸು ಮಾತ್ರ. ಗಂಡಸು ಬಂದ ದಿನದಿಂದ ಯಾವ ಮನೆಯವರೂ ಹುಡುಗಿಯರನ್ನು ಕಳಿಸಿಲ್ಲ."

ಮೂವತ್ತೆರಡು ಹುಡುಗಿಯರು. ಮೂರು ಸಾಲಿನ ವರದಿ.

ಜೀಪು ಅಲ್ಲೇ ಬಿಟ್ಟು ಹಯಾತ್‌ಳ ಮನೆಗೆ ಹತ್ತಿದೆವು. ಬಾಗಿಲು ತೆಗೆದದ್ದು ಅವಳ ತಾಯಿ. ನಾನು ಯಾರೆಂದು ತಿಳಿದ ಮೇಲೂ ಒಳಗೆ ಕರೆದರು. ಕಾಫಿ ಬೀಜದ ಸಿಪ್ಪೆಯನ್ನು ಶುಂಠಿ ಹಾಕಿ ಕುದಿಸಿದ ಕಷಾಯ ಕೊಟ್ಟರು. ಹಯಾತ್ ಬಂದು ಎದುರಿಗೆ ಕೂತಳು. ಶಾಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ ಹುಡುಗಿ ಇವಳೇನಾ ಅನ್ನಿಸಿತು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಳು. ಅವಾತಿಫ್ ಒಂದೊಂದೇ ವಾಕ್ಯ ಇಂಗ್ಲಿಷಿಗೆ ತಂದರು.

"ನೀವು ನನ್ನ ತರಗತಿಯಲ್ಲಿ ಅಷ್ಟು ಹೊತ್ತು ಕೂತಿದ್ದಿರಿ. ನನ್ನನ್ನು ಏನು ಕೇಳಿದಿರಿ?"

ನಾನು ಕಷಾಯದ ಲೋಟ ಕೆಳಗಿಟ್ಟೆ.

"ಪೆಟ್ಟಿಗೆಯ ಬೀಗದ ಕೈ ಎಲ್ಲಿ ಅಂತ ಕೇಳಿದಿರಾ? ಅದು ಕಚೇರಿಯಲ್ಲಿದೆ. ಗಾಜು ಒಡೆದೀತು ಅಂತ ಒಂದು ದಿನವೂ ಕೊಟ್ಟಿಲ್ಲ. ಹುಡುಗಿಯರು ಯಾಕೆ ಹಾಡುತ್ತಾರೆ ಅಂತ ಕೇಳಿದಿರಾ? ಇರುವುದು ನಾಲ್ಕು ಪುಸ್ತಕ. ಹಾಡಿದರೆ ಪಾಠ ಅವರ ಜೊತೆ ಮನೆಗೆ ಹೋಗುತ್ತದೆ."

ಅವಳ ತಾಯಿ ಮಗಳ ಮಾತನ್ನೆಲ್ಲ ಕೇಳುತ್ತಾ ಕೂತಿದ್ದರು. ಹಾಡಿನ ಮಾತು ಬಂದದ್ದೇ, ಎದ್ದು ನನ್ನ ಕೈ ಹಿಡಿದು ಒಲೆಯ ಹತ್ತಿರ ಕರೆದುಕೊಂಡು ಹೋದರು. ಮಣ್ಣಿನ ಗಡಿಗೆ, ಅದರ ಬಾಯಿಗೆ ಬಿಗಿದು ಕಟ್ಟಿದ ಬಿಳಿ ಬಟ್ಟೆ. ಕೆರೆಯಂಥ ತೊಟ್ಟಿಯಿಂದ ತಂದ ನೀರನ್ನು ಅದರ ಮೇಲೆ ಹೊಯ್ಯುತ್ತಾ ಶಾಲೆಯಲ್ಲಿ ಕೇಳಿದ್ದ ಅದೇ ರಾಗ ಹಾಡಿದರು. ಬಟ್ಟೆಯಲ್ಲಿ ಸೋಸು, ಆಮೇಲೆ ಕುಡಿ ಎಂದು ಹಾಡಿನ ಅರ್ಥ. ಓಣಿಯ ಮನೆಮನೆಯಲ್ಲೂ ಹೀಗೇ ಮಾಡುತ್ತಾರೆ ಎಂದರು. ಅಲ್ಲಿ ನಾರುಹುಣ್ಣಿನ ಕಾಟ. ನೀರಿನ ಜೊತೆ ಹೊಟ್ಟೆಗೆ ಹೋದ ಹುಳು ಕಾಲಿನಿಂದ ದಾರದಂತೆ ಹೊರಬರುವ ರೋಗ. ಸರ್ಕಾರದ ಪೋಸ್ಟರುಗಳು ಮಾಡಲಾಗದ ಕೆಲಸವನ್ನು ಮೂವತ್ತೆರಡು ಹುಡುಗಿಯರು ಹಾಡಿ ಮಾಡಿದ್ದರು. ನಾನು ಅದಕ್ಕೆ 'ಉರುಹೊಡೆಸುವ ಪಾಠ' ಎಂದು ಬರೆದಿದ್ದೆ.

ನನಗೆ ಅಳು ಬರಲಿಲ್ಲ. ನಾಚಿಕೆಯಾಯಿತು. ನಾಚಿಕೆಗೆ ಒಂದು ಗುಣವಿದೆ, ಅದು ಕೂರಲು ಬಿಡುವುದಿಲ್ಲ.

ಮಾರನೆಯ ಬೆಳಿಗ್ಗೆ ಶಿಕ್ಷಣ ಕಚೇರಿಗೆ ಹೋದೆ. ನಿರ್ದೇಶಕರು ಹೊರದೇಶದಲ್ಲಿ ಓದಿ ಬಂದವರು, ಸಭ್ಯರು.

"ನನ್ನ ವರದಿ ತಪ್ಪು. ವಾಪಸು ಕೊಡಿ" ಎಂದೆ.

"ಬರೆದದ್ದು ಫೈಲಿಗೆ ಹೋಗಿದೆ. ಫೈಲಿನಿಂದ ಏನೂ ವಾಪಸು ಬರುವುದಿಲ್ಲ." (ಆ ಕ್ಷಣ ಚನ್ನಗಿರಿಯ ಯಾವುದೋ ಆಫೀಸಿನಲ್ಲಿ ಕೂತಹಾಗೇ ಅನ್ನಿಸಿತು.)

"ಹಾಗಾದರೆ ಎರಡನೆಯದು ಬರೆಯುತ್ತೇನೆ. ಮೊದಲನೆಯದು ತಪ್ಪೆಂದು ಬರೆಯುತ್ತೇನೆ."

ಅವರು ಪೆನ್ನು ಕೆಳಗಿಟ್ಟರು. "ಮೇಡಂ, ನಿಮ್ಮ ಒಳ್ಳೆಯದಕ್ಕೆ ಹೇಳುತ್ತೇನೆ. ಸಲಹೆಗಾರ್ತಿಯೇ ತಪ್ಪು ಮಾಡಿದೆ ಅಂತ ಬರೆದುಕೊಟ್ಟರೆ, ಅಂಥ ಸಲಹೆಗಾರ್ತಿ ಯಾಕೆ ಬೇಕು ಅಂತ ರಾಜಧಾನಿಯಿಂದ ಕೇಳುತ್ತಾರೆ. ನಿಮ್ಮ ಕರಾರು ಮುಂದುವರಿಯದೇ ಇರಬಹುದು."

ಕರಾರು ಮುಂದುವರಿದರೆ ಮೂರನೆಯ ವರ್ಷಕ್ಕೆ ಮನೆಯವರನ್ನೂ ಮಕ್ಕಳನ್ನೂ ಕರೆಸಿಕೊಳ್ಳುವ ಅವಕಾಶವಿತ್ತು. ವಿಮಾನದ ಕಿಟಕಿಯ ಸೀಟು ಯಾರಿಗೆ ಎಂದು ಹೊನ್ನಾಳಿಯಲ್ಲಿ ಮಕ್ಕಳು ಆಗಲೇ ಜಗಳವಾಡಿ ಮುಗಿಸಿದ್ದವು. ಅದೆಲ್ಲ ನೆನಪಾಯಿತು. ಅಲ್ಲೇ ಕೂತು ಬರೆದೆ. 'ನಾನು ಶಿಕ್ಷಕಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ವರದಿ ಬರೆದಿದ್ದೇನೆ. ತಪ್ಪು ಶಿಕ್ಷಕಿಯದಲ್ಲ, ನನ್ನದು.' ಈ ಸಹಿ ಅಷ್ಟು ಚಂದ ಬರಲಿಲ್ಲ.

ನಿರ್ದೇಶಕರು ಓದಿ ಹೇಳಿದರು. "ನಾನೇ ಬಂದು ಪಾಠ ನೋಡುತ್ತೇನೆ. ಊರಿನ ಹಿರಿಯರ ಒಪ್ಪಿಗೆ ತೆಗೆದುಕೊಂಡು, ಬಾಗಿಲ ಹೊರಗೆ ಕೂತು. ಒಂದು ವಾರ ಸಮಯ."

ಆ ಒಂದು ವಾರ ನಾನು ಸಲಹೆ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ದಿನವೂ ಹಯಾತ್‌ಳ ಮನೆಗೆ ಅವಾತಿಫ್ ಜೊತೆ ಹೋಗುತ್ತಿದ್ದೆ. ಪೆಟ್ಟಿಗೆ ಬೇಡವೇ ಬೇಡ ಎಂದುಕೊಂಡೆವು. ಲೋಟ, ತಟ್ಟೆ, ದಾರ, ರಟ್ಟಿನ ಚೂರು, ಇಷ್ಟರಲ್ಲಿ ಏನೇನು ಮಾಡಬಹುದು? ನಾನು ಮಾಡಿ ತೋರಿಸುತ್ತಿದ್ದೆ. ಅವಳು ಅದನ್ನು ತನ್ನ ಮಾತಿಗೆ ತಿರುಗಿಸುತ್ತಿದ್ದಳು. ನನ್ನ ಅರಬ್ಬಿ ಕೇಳಿ ಅವಳ ತಾಯಿ ನಗುತ್ತಿದ್ದರು, ನಗುತ್ತಲೇ ತಿದ್ದುತ್ತಿದ್ದರು. ಎರಡು ವರ್ಷದಲ್ಲಿ ನಾನು ಕಲಿತ ಅರಬ್ಬಿಯಲ್ಲಿ ಬಹುಪಾಲು ಆ ಅಡುಗೆಮನೆಯದು.

"ಹುಡುಗಿಯರ ಕಡೆ ಯಾಕೆ ತಿರುಗುವುದಿಲ್ಲ?" ಎಂದು ಒಂದು ದಿನ ಕೇಳಿದೆ.

"ಅವರು ಏನಾದರೂ ಕೇಳಿ, ನನಗೆ ಗೊತ್ತಿಲ್ಲದಿದ್ದರೆ?"

"ನನಗೂ ಗೊತ್ತಿಲ್ಲ, ನೋಡೋಣ ಅನ್ನು. ನಾನು ಹನ್ನೊಂದು ವರ್ಷ ಅದನ್ನು ಹೇಳಲಿಲ್ಲ. ಮೊನ್ನೆ ಮೊದಲ ಸಲ ಬರೆದುಕೊಟ್ಟೆ. ಏನೂ ಆಗಲಿಲ್ಲ, ಬದುಕಿದ್ದೇನೆ."

ಅವಳು ಮೊದಲ ಸಲ ನನ್ನೆದುರು ನಕ್ಕಳು.

ನಿರ್ದೇಶಕರು ಬಂದ ದಿನ ಮೂವತ್ತೆರಡು ಹುಡುಗಿಯರೂ ಹಾಜರ್. ಹಿಂದೆ ನಾನು ಮತ್ತು ಅವಾತಿಫ್. ಹಯಾತ್ ತರಗತಿಯ ಕಡೆಗೆ ತಿರುಗಿದಳು. ಲೋಟದ ತುಂಬ ನೀರು ತುಂಬಿ, ಬಾಯಿಗೆ ರಟ್ಟು ಮುಚ್ಚಿ, ತಲೆಕೆಳಗು ಮಾಡಿ ಕೈ ಬಿಟ್ಟಳು. ನೀರು ನಿಲ್ಲಬೇಕು. ಗಾಳಿಯ ಒತ್ತಡದ ಪಾಠ ಅದು. ನಿಲ್ಲಲಿಲ್ಲ. ಪೂರ್ತಿ ನೀರು ದಬಕ್ಕನೆ ನೆಲಕ್ಕೆ ಬಿದ್ದು, ಹೊಸ್ತಿಲಿನ ಕಡೆಗೆ ಹರಿದು, ನಿರ್ದೇಶಕರ ಬೂಟನ್ನು ಮುಟ್ಟಿತು.

ಎದ್ದು ಹೋಗಿ ನಾನೇ ಮಾಡಿಬಿಡಲೇ? ಅವಾತಿಫ್ ನನ್ನ ಮೊಣಕೈ ಹಿಡಿದು ಕೂರಿಸಿದರು.

ಹಯಾತ್ ಖಾಲಿ ಲೋಟ ನೋಡಿದಳು. ಆಮೇಲೆ ಹುಡುಗಿಯರನ್ನು ನೋಡಿದಳು. "ನೀರು ಯಾಕೆ ಬಿತ್ತು? ನನಗೂ ಗೊತ್ತಿಲ್ಲ. ನೋಡೋಣ" ಎಂದು ಲೋಟವನ್ನು ಅವರ ಕೈಗೇ ಕೊಟ್ಟಳು.

ಲೋಟ ಸಾಲಿನಿಂದ ಸಾಲಿಗೆ ಹೋಯಿತು. ಮೂರನೆಯ ಸಾಲಿನ ಪುಟ್ಟ ಹುಡುಗಿಯೊಬ್ಬಳು ಅದರ ಅಂಚಿನ ಮೇಲೆ ಬೆರಳಾಡಿಸಿ ನಿಲ್ಲಿಸಿದಳು. "ಇಲ್ಲಿ ಚೂರು ಮುಕ್ಕಾಗಿದೆ. ಗಾಳಿ ಇಲ್ಲಿಂದ ಒಳಗೆ ಹೋಯಿತು."

ಹಯಾತ್ ಬೇರೆ ಲೋಟ ತೆಗೆದುಕೊಂಡಳು. ತುಂಬಿದಳು, ಮುಚ್ಚಿದಳು, ಕವುಚಿದಳು, ಕೈ ಬಿಟ್ಟಳು. ನೀರು ನಿಂತಿತು. ಮೂವತ್ತೆರಡು ಹುಡುಗಿಯರು ಒಟ್ಟಿಗೇ ಬಿಟ್ಟ ಉಸಿರಿನ ಸದ್ದನ್ನು ನಾನಿನ್ನೂ ಮರೆತಿಲ್ಲ.

ನಿರ್ದೇಶಕರು ಬೂಟು ಒರೆಸಿಕೊಂಡು ಎದ್ದರು. ಅವಾತಿಫ್ ಕಡೆಗೆ ತಿರುಗಿ, "ನಾಳೆಯಿಂದ ಹಯಾತ್ ಕೆಲಸಕ್ಕೆ ಬರಲಿ. ಪೆಟ್ಟಿಗೆಯ ಕೀಲಿಯನ್ನೂ ಕೊಡುತ್ತೇನೆ" ಎಂದರು.

ಅವರು ಎಚ್ಚರಿಸಿದಂತೆಯೇ ಆಯಿತು. ಎರಡನೆಯ ವರ್ಷ ಮುಗಿಯುತ್ತಿದ್ದಂತೆ ಕರಾರು ಮುಂದುವರಿಸುವುದಿಲ್ಲ ಎಂಬ ಕಾಗದ ಬಂತು. ಮಕ್ಕಳು ವಿಮಾನ ಹತ್ತಲಿಲ್ಲ. ಎರಡು ದಿನ ಬೇಜಾರು ಮಾಡಿಕೊಂಡೆ, ಅಷ್ಟೇ. ಹೊರಡುವ ದಿನ ಹಯಾತ್‌ಳ ತಾಯಿ ಬಟ್ಟೆಯ ಗಂಟಿನಲ್ಲಿ ಜೋಳದ ರೊಟ್ಟಿ ಕಟ್ಟಿಕೊಟ್ಟರು. ನಮ್ಮದಕ್ಕಿಂತ ದಪ್ಪ. ಬೊಂಬಾಯಿಯವರೆಗೂ ಕೆಟ್ಟಿರಲಿಲ್ಲ.

ಈಗ ಹಯಾತ್ ಅದೇ ಶಾಲೆಯ ಮುಖ್ಯೋಪಾಧ್ಯಾಯಿನಿ. ಒಂದು ಕೋಣೆ ಐದಾಗಿದೆಯಂತೆ. ಅವಾತಿಫ್ ವರ್ಷಕ್ಕೊಮ್ಮೆ ಕಾಗದ ಬರೆಯುತ್ತಾರೆ, ಅದರಿಂದ ತಿಳಿದದ್ದು.

ಚನ್ನಗಿರಿಯ ಮೇಷ್ಟ್ರೇ, ನಿಮಗೆ ಉತ್ತರ ಇಷ್ಟು: ಅರಬ್ಬಿ ಬಾರದ್ದು ದೊಡ್ಡ ಕೊರತೆಯಾಗಿರಲಿಲ್ಲ. ದುಭಾಷಿ ಪಕ್ಕದಲ್ಲೇ ಇದ್ದರು, ನಾನೇ ಕೇಳಲಿಲ್ಲ.

ಇನ್ನು ಉಳಿದ ಓದುಗರಿಗೆ. ಟೀಚರುಗಳ ಬಗ್ಗೆ ನಾವೆಲ್ಲ ದಿನಾ ವರದಿ ಬರೆಯುವವರೇ, ಬಸ್ ಸ್ಟ್ಯಾಂಡಿನಲ್ಲಿ, ಹೋಟೆಲಿನಲ್ಲಿ, ಕಟ್ಟೆಯ ಮೇಲೆ. ಅವರು ಪಾಠ ಮಾಡಲ್ಲ, ಇವರಿಗೆ ಪಾಠ ಬರಲ್ಲ. ಸರಿ. ನಿಮ್ಮ ಮಗಳ ಟೀಚರಿಗೂ ನಿಮಗೂ ಒಂದೇ ಭಾಷೆ ಬರುತ್ತದಲ್ಲ, ಮಾರ್ಕ್ಸ್ ಬಿಟ್ಟು ಅವರನ್ನು ಬೇರೇನಾದರೂ ಕೇಳಿದ್ದು ಯಾವಾಗ?